‘ಖೆಡ್ಡಾ’ ಅಂದ್ರೆ ಗುಂಡಿ ಅಲ್ಲ: ದುಬಾರೆಯಿಂದ ಒಂದು ಹಳೇ ಪದದ ಕಥೆ

(ಇದು ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಳ್ಳಲಾಗಿದೆ.)

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ನಿಂತಿರೋರು, ಪಾತ್ರೆ ತೊಳೀತಾ ಕೇಳ್ತಿರೋರು, ಈಗ ಇದನ್ನ ಸ್ಕ್ರೀನ್ ಮೇಲೆ ಓದ್ತಿರೋರು, ಎಲ್ಲರಿಗೂ ಸ್ವಾಗತ. ಇವತ್ತಿನ ಪದ: ಖೆಡ್ಡಾ.

ಈ ಪದ ನಿಮ್ಮಲ್ಲಿ ಬಹಳ ಜನಕ್ಕೆ ಪೇಪರ್ ಹೆಡ್‌ಲೈನ್‌ನಿಂದ ಗೊತ್ತು. ‘ಲೋಕಾಯುಕ್ತ ಖೆಡ್ಡಾಕ್ಕೆ ಬಿದ್ದ ಅಧಿಕಾರಿ’, ‘ಎದುರಾಳಿಗೆ ಖೆಡ್ಡಾ ತೋಡಿದ ನಾಯಕ’ ಅನ್ನೋ ಥರದ್ದು. ಆದ್ರೆ ನೀವೇ ಬಾಯಿ ತೆರೆದು ಯಾರಿಗಾದ್ರೂ ‘ಖೆಡ್ಡಾ’ ಅಂತ ಹೇಳಿದ್ದು ಯಾವಾಗ? ಬಹುಶಃ ಯಾವತ್ತೂ ಇಲ್ಲ. ನಾವು ‘ಟ್ರ್ಯಾಪ್ ಆದ’ ಅಂತೀವಿ, ‘ಬಕ್ರಾ ಆದ’ ಅಂತೀವಿ, ಈಗೀಗ ‘ಸ್ಕ್ಯಾಮ್ ಆಯ್ತು’ ಅಂತೀವಿ. ‘ಹುಷಾರು, ಆ ಬ್ರೋಕರ್ ನಿನ್ನ ಖೆಡ್ಡಾಕ್ಕೆ ಕೆಡವ್ತಾನೆ’ ಅನ್ನೋದು ನಮ್ಮ ಅಪ್ಪಂದಿರ, ತಾತಂದಿರ ಕಾಲದ ಮಾತು.

ಹಳೇ ಮಾತು, ಆದ್ರೆ ಸತ್ತಿಲ್ಲ. ಅದರೊಳಗೆ ನಾವು ಮರೆತಿರೋ ಒಂದು ಅರ್ಥ ಇದೆ. ಆ ಅರ್ಥ ಗೊತ್ತಾದ್ರೆ ಇವತ್ತು ನಿಮ್ಮ ಫೋನಿಗೆ ಬರೋ ಒಂದು ಥರದ ಕರೆ ಹೇಗೆ ಕೆಲಸ ಮಾಡುತ್ತೆ ಅನ್ನೋದೂ ಅರ್ಥ ಆಗುತ್ತೆ. ಅದಕ್ಕೇ ಈ ಎಪಿಸೋಡ್.

ದುಬಾರೆ ಯಾಕೆ?

ಹಿಂದೆ ನೀರಿನ ಸದ್ದು, ಮಧ್ಯೆ ಮಧ್ಯೆ ಸರಪಳಿ ಸದ್ದು ಕೇಳಿಸ್ತಿದ್ರೆ ಅದು ಎಡಿಟಿಂಗ್ ತಪ್ಪಲ್ಲ. ನಾನು ಇದನ್ನ ರೆಕಾರ್ಡ್ ಮಾಡಿದ್ದು ಕೊಡಗಿನ ದುಬಾರೆಯಲ್ಲಿ, ಕಾವೇರಿ ದಡದಲ್ಲಿ. ಕುಶಾಲನಗರದ ಕಡೆಯಿಂದ ನಂಜರಾಯಪಟ್ಟಣ ದಾಟಿ ಬಂದ್ರೆ ರಸ್ತೆ ನದಿ ಹತ್ರ ಮುಗಿಯುತ್ತೆ. ಆ ಕಡೆ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ. ನೀರಿದ್ರೆ ಬೋಟಲ್ಲಿ ದಾಟಬೇಕು. ಬೇಸಿಗೆಯಲ್ಲಿ ಬಂಡೆ ಎದ್ದಾಗ ಜನ ಕಲ್ಲಿಂದ ಕಲ್ಲಿಗೆ ಕಾಲಿಟ್ಟು ಹೋಗ್ತಾರೆ.

ನಮ್ಮಲ್ಲಿ ಬಹಳ ಜನಕ್ಕೆ ದುಬಾರೆ ಅಂದ್ರೆ ಆನೆಗೆ ಸ್ನಾನ ಮಾಡಿಸೋ ಫೋಟೋ, ರ‍್ಯಾಫ್ಟಿಂಗ್ ರೀಲ್, ಇಲ್ಲಾಂದ್ರೆ ದಸರಾಕ್ಕೆ ಹೋಗೋ ಧನಂಜಯ, ಗೋಪಿ, ಕಂಜನ್ ಅವರ ಊರು. ಆದ್ರೆ ಈ ಶಿಬಿರಕ್ಕೆ ಇನ್ನೊಂದು ಕೆಲಸ ಇದೆ. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಜನರಿಗೆ ತೊಂದರೆ ಕೊಡೋ ಕಾಡಾನೆಯನ್ನ ಹಿಡಿದು ತಂದು ಪಳಗಿಸೋ ಜಾಗಗಳಲ್ಲಿ ಇದೂ ಒಂದು. ಹಿಡಿಯೋ ಕಾರ್ಯಾಚರಣೆಗೆ ಸಾಕಾನೆಗಳು ಹೊರಡೋದೂ ಇಲ್ಲಿಂದಾನೇ.

ಖೆಡ್ಡಾ ಅನ್ನೋದು ಆನೆ ಹಿಡಿಯೋರ ಪದ. ಖೆಡ್ಡಾ ನಿಂತು ಐವತ್ತು ವರ್ಷದ ಮೇಲಾಯ್ತು. ಆದ್ರೆ ಅದರ ಜೊತೆ ಬಂದ ಪದಗಳು, ಅಂದ್ರೆ ಕುಮ್ಕಿ, ಪಳಗಿಸೋದು ಇವೆಲ್ಲ ಇಲ್ಲಿ ದಿನಾ ಬಳಕೆಯಲ್ಲಿವೆ. ಪದ ಹುಡುಕೋಕೆ ಡಿಕ್ಷನರಿಗಿಂತ ಇದು ಒಳ್ಳೇ ಜಾಗ ಅನ್ನಿಸ್ತು.

ಗುಂಡಿ ಅಂತ ಯಾಕೆ ಅಂದ್ಕೊಂಡ್ವಿ?

ಮೊದಲು ಒಂದು ಪ್ರಶ್ನೆ. ಖೆಡ್ಡಾ ಅಂದ ತಕ್ಷಣ ನಿಮ್ಮ ತಲೇಲಿ ಯಾವ ಚಿತ್ರ ಬರುತ್ತೆ? ನಾನು ಒಂದಷ್ಟು ಸ್ನೇಹಿತರಿಗೆ ಕೇಳಿದೆ. ಎಲ್ಲರೂ ಹೇಳಿದ್ದು ಒಂದೇ: ಒಂದು ದೊಡ್ಡ ಗುಂಡಿ, ಮೇಲೆ ಸೊಪ್ಪು ಮುಚ್ಚಿರುತ್ತೆ, ಆನೆ ಗೊತ್ತಿಲ್ದೆ ಕಾಲಿಡುತ್ತೆ, ದಬ್ ಅಂತ ಬೀಳುತ್ತೆ.

ಹೀಗೆ ಅನ್ನಿಸೋದಕ್ಕೆ ಕಾರಣ ನಮ್ಮ ಭಾಷೆಯಲ್ಲೇ ಇದೆ. ನಾನು ಓದಿದ್ದು ಬಿ.ಕಾಂ, ಭಾಷಾಶಾಸ್ತ್ರ ಅಲ್ಲ. ಆದ್ರೆ ಆಡಿಟಿಂಗ್‌ನಲ್ಲಿ ಒಂದು ಪಾಠ ಹೇಳಿಕೊಡ್ತಾರೆ: ಲೆಡ್ಜರ್‌ನಲ್ಲಿ ಏನು ಬರೆದಿದೆ ಅಂತ ಮಾತ್ರ ನೋಡಬೇಡ, ಅದರ ಹಿಂದಿರೋ ವೋಚರ್ ನೋಡು. ಪದಕ್ಕೆ ವೋಚರ್ ಅಂದ್ರೆ ಅದರ ಜೊತೆ ಬರೋ ಕ್ರಿಯಾಪದ. ಕನ್ನಡದಲ್ಲಿ ಖೆಡ್ಡಾ ಜೊತೆ ಯಾವ ಕ್ರಿಯಾಪದ ಬರುತ್ತೆ? ಖೆಡ್ಡಾ ‘ತೋಡಿದರು’. ಖೆಡ್ಡಾಕ್ಕೆ ‘ಬಿದ್ದರು’. ಖೆಡ್ಡಾಕ್ಕೆ ‘ಕೆಡವಿದರು’. ಮೂರೂ ಗುಂಡಿಗೆ ಸೇರಿದ ಕ್ರಿಯಾಪದಗಳು. ‘ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದ’ ಅನ್ನೋ ಹಳೇ ಮಾತಿನ ಅಚ್ಚಿಗೆ ಖೆಡ್ಡಾನೂ ಹಾಕಿ ಎರಕ ಹೊಯ್ದಿದ್ದೀವಿ.

ಸದ್ದೂ ಹತ್ತಿರ ಇದೆ. ಕನ್ನಡದಲ್ಲಿ ‘ಕೆಡವು’, ‘ಕೆಡು’ ಇದೆ. ಹಿಂದಿಯಲ್ಲಿ, ನಮ್ಮ ಕಡೆಯ ಉರ್ದುವಿನಲ್ಲಿ ಗುಂಡಿಗೆ ‘ಖಡ್ಡಾ’ ಅಂತಾರೆ. ಖಡ್ಡಾ, ಖೆಡ್ಡಾ. ಒಂದು ಸ್ವರದ ವ್ಯತ್ಯಾಸ. ಕಿವಿಗೆ ಎರಡೂ ಒಂದೇ ಮನೆಯವು ಅನ್ನಿಸುತ್ತೆ.

ಆದ್ರೆ ಅಲ್ಲ.

ಓಡಿಸೋ ಕೆಲಸ

ಖೆಡ್ಡಾ ಹಿಂದಿಯ ‘ಖೇದಾ’ ಅನ್ನೋ ಪದದಿಂದ ಬಂದದ್ದು. ಅದರ ಹಿಂದೆ ‘ಖೇದ್‌ನಾ’ ಅನ್ನೋ ಕ್ರಿಯಾಪದ ಇದೆ. ಅದರ ಅರ್ಥ ಓಡಿಸು, ಬೆನ್ನಟ್ಟು, ಅಟ್ಟಿಸಿಕೊಂಡು ಹೋಗು. ಭಾರತದಲ್ಲಿದ್ದ ಇಂಗ್ಲಿಷರು ಬಳಸ್ತಿದ್ದ ದೇಸಿ ಪದಗಳಿಗೆ ‘ಹಾಬ್ಸನ್-ಜಾಬ್ಸನ್’ ಅಂತ ಒಂದು ಪ್ರಸಿದ್ಧ ನಿಘಂಟು ಇದೆ, 1886ರದ್ದು. ಅದರಲ್ಲೂ ಈ ಪದಕ್ಕೆ ಕೊಟ್ಟಿರೋ ಮೂಲ ಇದೇ. ಅಂದ್ರೆ ಈ ಪದ ಹುಟ್ಟಿದ್ದು ಆನೆ ಎಲ್ಲಿ ಹೋಗಿ ಬೀಳುತ್ತೆ ಅನ್ನೋದರಿಂದ ಅಲ್ಲ, ಆನೆಯನ್ನ ಹಿಂದಿನಿಂದ ಯಾರು ಓಡಿಸ್ತಾರೆ ಅನ್ನೋದರಿಂದ.

ಗುಂಡಿ ತೋಡಿ ಆನೆ ಹಿಡಿಯೋ ಪದ್ಧತಿ ನಮ್ಮಲ್ಲಿ ಇರಲಿಲ್ವಾ? ಇತ್ತು, ಬಹಳ ಹಳೇದು. ಆದ್ರೆ ಅದು ಬೇರೆ ವಿಧಾನ. ಇವತ್ತಿನ ಬಸವಕಲ್ಯಾಣ, ಅಂದ್ರೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಆನೆ ಹಿಡಿಯೋ ವಿಚಾರ ಬರುತ್ತೆ. ನಮ್ಮ ಹಳೇ ಗಜಶಾಸ್ತ್ರದ ಲೆಕ್ಕದಲ್ಲಿ ಬೇಲಿಯೊಳಗೆ ಕೂಡಿ ಹಿಡಿಯೋದಕ್ಕೆ ಒಂದು ಹೆಸರು, ಹೆಣ್ಣಾನೆ ಆಸೆ ತೋರಿಸಿ ಹಿಡಿಯೋದಕ್ಕೆ ಇನ್ನೊಂದು, ಗುಂಡಿಗೆ ಬೀಳಿಸೋದಕ್ಕೆ ಮತ್ತೊಂದು. ಹಳಬರು ಇವನ್ನ ಒಂದರ ಜೊತೆ ಒಂದು ಕಲೆಸಲಿಲ್ಲ. ಕಲೆಸಿದ್ದು ನಾವು.

ಬೇಲಿಗೆ ಅಟ್ಟಿ ಹಿಡಿಯೋ ವಿಧಾನ ‘ಖೆಡ್ಡಾ’ ಅನ್ನೋ ಹೆಸರಲ್ಲಿ ನಮ್ಮ ಸೀಮೆಯಲ್ಲಿ ಹೆಸರಾದದ್ದು 1870ರ ದಶಕದಲ್ಲಿ. ಆಗ ಮೈಸೂರು ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. ಜಾರ್ಜ್ ಸ್ಯಾಂಡರ್ಸನ್ ಅಂತ ಒಬ್ಬ ನೀರಾವರಿ ಇಲಾಖೆಯ ಅಧಿಕಾರಿ. ಕಾಲುವೆ ನೋಡ್ಕೋಬೇಕಾದವನು ಆನೆ ಹಿಂದೆ ಬಿದ್ದ. 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಹಿಂಡಿಗೆ ಹಿಂಡನ್ನೇ ಹಿಡಿದ. ಆಮೇಲೆ ಢಾಕಾ ಕಡೆಯ ಸರ್ಕಾರಿ ಆನೆ ಹಿಡಿಯೋ ವಿಭಾಗಕ್ಕೂ ಹೋಗಿ ಕೆಲಸ ಮಾಡಿದ. 1878ರಲ್ಲಿ ತನ್ನ ಕಾಡಿನ ಹದಿಮೂರು ವರ್ಷಗಳ ಬಗ್ಗೆ ಪುಸ್ತಕ ಬರೆದ. ಗುಂಡಿಯಲ್ಲಿ ಆನೆ ಹಿಡಿಯೋದು ಕ್ರೂರ, ಬಿದ್ದ ಆನೆಗಳು ಏಟು ತಿಂದು ಸಾಯ್ತವೆ ಅಂತ ಗುಂಡಿ ಪದ್ಧತಿಯನ್ನ ಬೈದವನೂ ಅವನೇ. ಈಗ ಯೋಚನೆ ಮಾಡಿ: ಗುಂಡಿ ಬೇಡ ಅಂತ ತಂದ ವಿಧಾನದ ಹೆಸರು ಕನ್ನಡದಲ್ಲಿ ಗುಂಡಿಗೇ ಅಂಟಿಕೊಂಡಿದೆ!

ಅದು ನಡೀತಿದ್ದ ರೀತಿ

ಖೆಡ್ಡಾ ಹೇಗೆ ನಡೀತಿತ್ತು ಅಂತ ಹಂತ ಹಂತವಾಗಿ ಹೇಳ್ತೀನಿ. ಸ್ವಲ್ಪ ಗಮನ ಇಟ್ಟು ಕೇಳಿ, ಯಾಕಂದ್ರೆ ಮುಂದೆ ಇದೇ ಹಂತಗಳು ವಾಪಸ್ ಬರ್ತವೆ.

ಮೊದಲನೇ ಹಂತ, ಸುತ್ತುವರಿಯೋದು. ಹಿಂಡು ಎಲ್ಲಿದೆ ಅಂತ ಪತ್ತೆ ಹಚ್ಚಿದ ಮೇಲೆ ನೂರಾರು ಜನ ಸದ್ದಿಲ್ಲದೆ ಕಾಡಿನಲ್ಲಿ ಮೈಲಿಗಟ್ಟಲೆ ಉದ್ದದ ವರ್ತುಲ ಕಟ್ತಿದ್ರು. ಅಲ್ಲಲ್ಲಿ ಇಬ್ಬಿಬ್ಬರು ಕಾವಲು. ರಾತ್ರಿ ಬೆಂಕಿ. ಮಧ್ಯೆ ತೆಳ್ಳಗಿನ ಬಿದಿರು ಬೇಲಿ. ಆನೆ ಮನಸ್ಸು ಮಾಡಿದ್ರೆ ಒಂದೇ ಏಟಿಗೆ ಮುರಿಯೋವಂಥದ್ದು. ಆದ್ರೆ ಆನೆಗೆ ಅದು ಗೊತ್ತಿಲ್ಲ. ಒಳಗೆ ಮೇವಿದೆ, ನೀರಿದೆ, ಹಿಂಡು ದಿನಗಟ್ಟಲೆ ಅಲ್ಲೇ ಇರ್ತಿತ್ತು.

ಎರಡನೇ ಹಂತ, ಕಟ್ಟೋದು. ಆ ದೊಡ್ಡ ವರ್ತುಲದೊಳಗೆ ಒಂದು ಕಡೆ ದಪ್ಪ ಮರದ ದಿಮ್ಮಿಗಳನ್ನ ಒತ್ತೊತ್ತಾಗಿ ನಿಲ್ಲಿಸಿ ದುಂಡನೆಯ ಆವರಣ ಮಾಡ್ತಿದ್ರು. ಎತ್ತರ ಸುಮಾರು 12 ಅಡಿ, ಅಗಲ 20ರಿಂದ 50 ಗಜ. ಒಂದೇ ಬಾಗಿಲು. ಆ ಬಾಗಿಲಿಂದ ಹೊರಗೆ ಎರಡು ಬೇಲಿಗಳು ರೆಕ್ಕೆ ಥರ ಅಗಲವಾಗಿ ಚಾಚಿಕೊಳ್ತಿದ್ವು, ಆಲಿಕೆ ಇರುತ್ತಲ್ಲ, ಹಾಗೆ. ಎಲ್ಲಕ್ಕೂ ಸೊಪ್ಪು ಹೊದಿಸಿ ಕಾಡಿನ ಹಾಗೇ ಕಾಣೋ ಹಾಗೆ ಮಾಡ್ತಿದ್ರು. ಹೌದು, ಆವರಣದ ಒಳಗೆ ಅಂಚಿನಲ್ಲಿ ಒಂದು ಹಳ್ಳವೂ ಇರ್ತಿತ್ತು. ಆದ್ರೆ ಅದು ಆನೆ ಬೀಳಲಿ ಅಂತ ಅಲ್ಲ, ಆನೆ ಬೇಲಿಗೆ ಬಂದು ಗುದ್ದದೇ ಇರಲಿ ಅಂತ.

ಮೂರನೇ ಹಂತ, ಓಡಿಸೋದು. ಇಷ್ಟು ದಿನ ಸುಮ್ಮನಿದ್ದ ಕಾಡು ಒಂದೇ ಸಲ ಕೂಗೋಕೆ ಶುರು ಮಾಡುತ್ತೆ. ತಮಟೆ, ಕೊಂಬು, ಬಂದೂಕು, ಬೆಂಕಿ, ನೂರಾರು ಜನರ ಕೂಗು. ಸದ್ದು ಮೂರು ದಿಕ್ಕಿನಲ್ಲಿ. ನಾಲ್ಕನೇ ದಿಕ್ಕು ಮಾತ್ರ ತಣ್ಣಗಿದೆ. ಹಿಂಡು ಆ ಕಡೆಗೇ ಓಡುತ್ತೆ. ಆಲಿಕೆಯ ಬಾಯಿ ಅಗಲ ಇರೋದ್ರಿಂದ ಮೊದಲು ಅನುಮಾನ ಬರಲ್ಲ. ಬರೋ ಹೊತ್ತಿಗೆ ಹಿಂದಿರೋ ಸದ್ದು ತಿರುಗೋಕೆ ಬಿಡಲ್ಲ.

ನಾಲ್ಕನೇ ಹಂತ, ಬಾಗಿಲು. ಕೊನೇ ಆನೆ ಒಳಗೆ ಹೋದ ತಕ್ಷಣ ಮೇಲೆ ಕಾಯ್ತಿದ್ದವನು ಹಗ್ಗ ಕಡೀತಾನೆ, ಬಾಗಿಲು ಬೀಳುತ್ತೆ. ಇಡೀ ಖೆಡ್ಡಾದಲ್ಲಿ ನಿಜವಾಗಿ ‘ಬೀಳೋದು’ ಏನಾದ್ರೂ ಇದ್ರೆ ಅದು ಬಾಗಿಲು, ಆನೆ ಅಲ್ಲ.

ಮುಂದೆ ಈ ಖೆಡ್ಡಾಗಳಿಗೆ ಹೆಸರಾಗಿದ್ದು ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಕನಕೋಟೆ ಕಾಡು. ಅಲ್ಲಿ ಹಿಂಡನ್ನ ಕಬಿನಿ ನದಿ ಈಜಿಸಿ ಆವರಣಕ್ಕೆ ಅಟ್ಟೋದು ದೊಡ್ಡ ಪ್ರದರ್ಶನವೇ ಆಗಿತ್ತು. ಮಹಾರಾಜರ ಅತಿಥಿಗಳು, ವೈಸರಾಯ್‌ಗಳು ಕೂತು ನೋಡೋಕೆ ಗ್ಯಾಲರಿ ಇರ್ತಿತ್ತು. ಹಾಲಿವುಡ್‌ವರೆಗೂ ಹೋದ ನಟ ಸಾಬು ಗೊತ್ತಲ್ಲ, ಅವನು ಹುಟ್ಟಿದ್ದು ಅದೇ ಸೀಮೆಯ ಕಾರಾಪುರದಲ್ಲಿ, ಮಾವುತರ ಮನೆಯಲ್ಲಿ. ಅವನ ಮೊದಲ ಸಿನಿಮಾ ‘ಎಲಿಫೆಂಟ್ ಬಾಯ್’ 1937ರದ್ದು.

ಕೊನೆಯ ಖೆಡ್ಡಾ ನಡೆದದ್ದು 1971ರ ಸುಮಾರಿಗೆ. ಮರುವರ್ಷವೇ, 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕಬಿನಿ ಅಣೆಕಟ್ಟು ಮುಗಿದಾಗ ಖೆಡ್ಡಾ ನಡೀತಿದ್ದ ಕಾಡಿನ ದೊಡ್ಡ ಭಾಗ ನೀರಿನೊಳಗೆ ಹೋಯ್ತು. ಆ ಕಾಡುಗಳಲ್ಲಿ ಆನೆ ಜಾಡು ಹಿಡಿದು ಕೊಡ್ತಿದ್ದವರು ಜೇನುಕುರುಬರು, ಬೆಟ್ಟಕುರುಬರು. ಅವರ ಹಾಡಿಗಳೂ ಎದ್ದು ಹೋಗಬೇಕಾಯ್ತು. ಆನೆ ಓಡಿಸೋಕೆ ಬೇಕಾದ ಜನರನ್ನೇ ಆಮೇಲೆ ಕಾಡಿನಿಂದ ಓಡಿಸಿದ್ರು. ಇವತ್ತಿಗೂ ದುಬಾರೆಯಂಥ ಶಿಬಿರಗಳಲ್ಲಿ ಮಾವುತ, ಕಾವಾಡಿ ಕೆಲಸದಲ್ಲಿ ಇರೋದು ಹೆಚ್ಚಾಗಿ ಈ ಸಮುದಾಯದವರೇ.

ಕುಮ್ಕಿ ಮತ್ತು ಕುಮ್ಮಕ್ಕು

ಈಗ ಐದನೇ ಹಂತ. ನನ್ನ ಮಟ್ಟಿಗೆ ಇಡೀ ಕಥೆಯ ಮುಖ್ಯ ಭಾಗ ಇದೇ.

ಬಾಗಿಲು ಬಿತ್ತು. ಒಳಗೆ ಹೆದರಿ ಕೆರಳಿದ ಹಿಂಡು. ಅದರ ಕಾಲಿಗೆ ಹಗ್ಗ ಕಟ್ಟೋಕೆ ಮನುಷ್ಯ ನೇರವಾಗಿ ಹೋದ್ರೆ ಬದುಕಿ ಬರಲ್ಲ. ಹಾಗಾಗಿ ಪಳಗಿದ ಆನೆಗಳನ್ನ ಒಳಗೆ ಕಳಿಸ್ತಿದ್ರು, ಬೆನ್ನ ಮೇಲೆ ಮಾವುತ ಬಗ್ಗಿ ಕೂತಿರ್ತಿದ್ದ. ಹೆದರಿದ ಆನೆಗೆ ಎದುರು ಬಂದದ್ದು ತನ್ನದೇ ಜಾತಿ. ಅವು ಎರಡೂ ಪಕ್ಕಕ್ಕೆ ಬಂದು ಒತ್ತಿ ನಿಲ್ತಿದ್ವು. ಆ ಸಂದಿಯಲ್ಲಿ ಕೆಳಗೆ ಇಳಿದವರು ಹಿಂಗಾಲಿಗೆ ಹಗ್ಗ ಸುತ್ತುತಿದ್ರು.

ಈ ಪಳಗಿದ ಆನೆಗೆ ಹೆಸರು ಕುಮ್ಕಿ. ಈ ಹೆಸರಿನ ತಮಿಳು ಸಿನಿಮಾನೂ ನೀವು ನೋಡಿರಬಹುದು, 2012ರದ್ದು. ಪದ ಪರ್ಷಿಯನ್ನಿನ ‘ಕುಮಕ್’ನಿಂದ ಬಂದದ್ದು. ಅರ್ಥ: ಸಹಾಯ. ಕುಮ್ಕಿ ಅಂದ್ರೆ ಸಹಾಯಕ್ಕೆ ಬಂದದ್ದು.

ದಕ್ಷಿಣ ಕನ್ನಡದ ಕೇಳುಗರಿಗೆ ‘ಕುಮ್ಕಿ ಜಮೀನು’ ಗೊತ್ತಿರುತ್ತೆ. ರೈತನ ಜಮೀನಿಗೆ ಅಂಟಿಕೊಂಡಿರೋ ಸರ್ಕಾರಿ ಜಾಗ, ಅಲ್ಲಿಂದ ಸೊಪ್ಪು, ಸೌದೆ ತಗೊಳ್ಳೋ ಹಕ್ಕು ಅವನಿಗೆ. ಬೇಸಾಯಕ್ಕೆ ಸಹಾಯದ ಜಮೀನು, ಹಾಗಾಗಿ ಕುಮ್ಕಿ. ನಾವೆಲ್ಲ ಬಳಸೋ ‘ಕುಮ್ಮಕ್ಕು’ ಕೂಡ ಇದೇ ಮನೆಯದ್ದು. ಮೂಲದಲ್ಲಿ ಅದೂ ಬರೀ ಸಹಾಯ, ಬೆಂಬಲ. ಇವತ್ತು ‘ಕುಮ್ಮಕ್ಕು ಕೊಟ್ಟ’ ಅಂದ್ರೆ ಕೆಟ್ಟ ಕೆಲಸಕ್ಕೆ ಹಿಂದೆ ನಿಂತ ಅಂತಾನೇ ಅರ್ಥ. ಸಹಾಯ ಅನ್ನೋ ಪದ ಕನ್ನಡದಲ್ಲಿ ಹೀಗೆ ತಿರುಗಿದ್ದು ಸುಮ್ಮನೆ ಅಲ್ಲ. ಯಾರಿಗೆ ಸಹಾಯ ಅನ್ನೋ ಪ್ರಶ್ನೆ ಅದರೊಳಗೇ ಇದೆ.

ಕುಮ್ಕಿ ಆನೆಯನ್ನ ಖಳನಾಯಕ ಮಾಡೋದು ನನ್ನ ಉದ್ದೇಶ ಅಲ್ಲ. ಅದೂ ಒಂದು ಕಾಲದಲ್ಲಿ ಹಿಡಿಸಿಕೊಂಡದ್ದೇ. ನಮಗೆಲ್ಲ ಗೊತ್ತಿರೋ ಅರ್ಜುನನನ್ನೇ ತಗೊಳ್ಳಿ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸಿಕ್ಕವನು. 2012ರಿಂದ 2019ರವರೆಗೆ ಎಂಟು ಸಲ ಮೈಸೂರು ದಸರೆಯ ಚಿನ್ನದ ಅಂಬಾರಿ ಹೊತ್ತ. 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆ ಯಸಳೂರು ಭಾಗದಲ್ಲಿ ಕಾಡಾನೆ ಹಿಡಿಯೋ ಕಾರ್ಯಾಚರಣೆಗೆ ಹೋಗಿದ್ದಾಗ ಕಾಡಾನೆ ಜೊತೆಗಿನ ಕಾದಾಟದಲ್ಲಿ ಸತ್ತ. ಖೆಡ್ಡಾದಲ್ಲಿ ಸಿಕ್ಕಿಬಿದ್ದವನು, ಇನ್ನೊಬ್ಬನನ್ನ ಹಿಡಿಯೋಕೆ ‘ಸಹಾಯ’ಕ್ಕೆ ಹೋಗಿ ಸತ್ತ.

ಈಗ ಹಿಡಿಯೋ ರೀತಿ ಬೇರೆ. ತಮಟೆ ಇಲ್ಲ, ಹಿಂಡು ಅಟ್ಟೋದಿಲ್ಲ. ಗುರುತಿಸಿದ ಒಂದು ಆನೆಗೆ ವೈದ್ಯರು ಅರಿವಳಿಕೆ ಮದ್ದಿನ ಸಿರಿಂಜ್ ಹಾರಿಸ್ತಾರೆ. ಕುಮ್ಕಿಗಳು ಸುತ್ತ ನಿಲ್ತವೆ. ಹಗ್ಗ ಕಟ್ಟಿ ಲಾರಿ ಹತ್ತಿಸಿ ಶಿಬಿರಕ್ಕೆ ತಂದು ಕ್ರಾಲ್‌ಗೆ ಹಾಕ್ತಾರೆ. ಕ್ರಾಲ್ ಅಂದ್ರೆ ಮರದ ದಿಮ್ಮಿಗಳ ದೊಡ್ಡ ಪಂಜರ. ಖೆಡ್ಡಾ ಹೋಯ್ತು, ಕುಮ್ಕಿ ಉಳೀತು.

ಆಮಿಷ ಇಲ್ಲದ ಬಲೆ

ಈಗ ಆಡುಮಾತಿಗೆ ವಾಪಸ್ ಬರೋಣ. ಮೋಸಕ್ಕೆ ಕನ್ನಡದಲ್ಲಿ ಎಷ್ಟೊಂದು ಬೇಟೆ ಪದಗಳಿವೆ ನೋಡಿ. ಗಾಳ ಹಾಕಿದ. ಬಲೆ ಬೀಸಿದ. ಹಳ್ಳ ತೋಡಿದ. ಬೋನಿಗೆ ಬಿದ್ದ. ಖೆಡ್ಡಾಕ್ಕೆ ಕೆಡವಿದ. ನಾವು ಎಲ್ಲವನ್ನೂ ಒಂದೇ ಅರ್ಥಕ್ಕೆ ಬಳಸ್ತೀವಿ. ಆದ್ರೆ ಒಂದೊಂದೂ ಒಂದೊಂದು ಬೇರೆ ಯಂತ್ರ.

ಗಾಳಕ್ಕೆ ಆಮಿಷ ಬೇಕು. ಅದು ಆಸೆ ಮೇಲೆ ಕೆಲಸ ಮಾಡುತ್ತೆ. ‘ಹಣ ಡಬಲ್ ಆಗುತ್ತೆ’ ಅನ್ನೋ ಟೆಲಿಗ್ರಾಂ ಗ್ರೂಪ್, ಹನಿಟ್ರ್ಯಾಪ್, ಇವು ಗಾಳ. ಲೋಕಾಯುಕ್ತದವರ ದಾಳಿನೂ ಹೆಚ್ಚುಕಮ್ಮಿ ಇದೇ ಜಾತಿ. ನೋಟಿಗೆ ಫಿನಾಲ್ಫ್ತಲೀನ್ ಪುಡಿ ಸವರಿ ಕಳಿಸ್ತಾರೆ, ಲಂಚ ಮುಟ್ಟಿದವನ ಕೈಯನ್ನ ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿದ್ರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಪೇಪರ್‌ನವರು ಅದನ್ನ ಖೆಡ್ಡಾ ಅಂತ ಬರೀತಾರೆ. ಆದ್ರೆ ಅಲ್ಲಿ ಯಾರೂ ಯಾರನ್ನೂ ಓಡಿಸಿಲ್ಲ. ಕೈ ಚಾಚಿದವನು ಅವನೇ.

ಗುಂಡಿಗೆ ಮೈಮರೆವು ಬೇಕು. ನೋಡದೆ ಓಟಿಪಿ ಹೇಳಿಬಿಟ್ರೆ, ಓದದೆ ಲಿಂಕ್ ಒತ್ತಿಬಿಟ್ರೆ ಅದು ಗುಂಡಿ.

ಖೆಡ್ಡಾಗೆ ಆಸೆನೂ ಬೇಡ, ಮೈಮರೆವೂ ಬೇಡ. ಅದಕ್ಕೆ ಬೇಕಾದ್ದು ಭಯ ಮಾತ್ರ. ಆನೆ ಎಚ್ಚರವಾಗಿಯೇ ಇರುತ್ತೆ. ತನ್ನ ಮರಿ, ತನ್ನ ಹಿಂಡು ಉಳಿಸ್ಕೊಳ್ಳೋಕೇ ಓಡುತ್ತೆ. ತಪ್ಪಿಸಿಕೊಳ್ಳೋ ದಾರಿ ಅಂತ ಅದಕ್ಕೆ ಕಾಣೋದೇ ಬಾಗಿಲು.

ಈಗ ನಾನು ಹೇಳಿದ ಐದು ಹಂತ ನೆನಪಿಸ್ಕೊಂಡು ‘ಡಿಜಿಟಲ್ ಅರೆಸ್ಟ್’ ಅಂತ ಕರೀತಾರಲ್ಲ, ಆ ಮೋಸವನ್ನ ನೋಡಿ. ಮೊದಲು ಸುತ್ತುವರಿಯೋದು: ನಿಮ್ಮ ಹೆಸರು, ಆಧಾರ್ ನಂಬರ್, ವಿಳಾಸ ಎಲ್ಲ ಅವರ ಹತ್ರ ಮೊದಲೇ ಇರುತ್ತೆ. ಎರಡು, ಕಟ್ಟೋದು: ಪೊಲೀಸ್ ಸ್ಟೇಷನ್ ಥರ ಸೆಟ್, ಯೂನಿಫಾರ್ಮ್, ಸೀಲು ಇರೋ ಪತ್ರ. ಮೂರು, ಸದ್ದು: ‘ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಿಮ್ಮ ಖಾತೆಯಲ್ಲಿ ಕಳ್ಳಹಣ ಓಡಾಡಿದೆ, ಮಗನನ್ನೂ ಅರೆಸ್ಟ್ ಮಾಡ್ತೀವಿ’. ಒಬ್ಬರಾದ ಮೇಲೆ ಒಬ್ಬರು, ಯೋಚಿಸೋಕೆ ಬಿಡದ ಹಾಗೆ. ನಾಲ್ಕು, ಬಾಗಿಲು: ‘ವಿಡಿಯೊ ಕಾಲ್ ಕಟ್ ಮಾಡಬೇಡಿ, ಮನೆಯವರಿಗೂ ಹೇಳಬೇಡಿ’. ಐದು, ಕುಮ್ಕಿ: ಇಷ್ಟೆಲ್ಲ ಗದ್ದಲದ ಮಧ್ಯೆ ಒಬ್ಬ ಮೆತ್ತಗೆ ಮಾತಾಡೋ ‘ಆಫೀಸರ್’ ಬರ್ತಾನೆ. ‘ನೀವು ಒಳ್ಳೆಯವರ ಥರ ಕಾಣ್ತೀರಿ, ನಾನು ಸಹಾಯ ಮಾಡ್ತೀನಿ. ಹಣವನ್ನ ಪರಿಶೀಲನೆಗೆ ಅಂತ ಈ ಖಾತೆಗೆ ಹಾಕಿ, ವಾಪಸ್ ಬರುತ್ತೆ’. ಹಗ್ಗ ಕಟ್ಟೋನು ಅವನೇ.

ಖೆಡ್ಡಾ ಪದದ ಹಳೇ ಅರ್ಥಕ್ಕೆ ಇದಕ್ಕಿಂತ ಸರಿಯಾದ ಉದಾಹರಣೆ ನನಗೆ ಸಿಗಲ್ಲ.

‘ಬಿದ್ದ’ ಅನ್ನೋ ಪದದ ಬೆಲೆ

ಪದದ ಅರ್ಥ ಗುಂಡಿನೋ ಬೇಲಿನೋ, ಅದರಿಂದ ಯಾರಿಗೇನು ಅಂತ ನೀವು ಕೇಳಬಹುದು. ಹೇಳ್ತೀನಿ.

ನನ್ನ ಬಿ.ಕಾಂ ಕ್ಲಾಸ್‌ಮೇಟ್ ಒಬ್ಬಳ ತಂದೆ ನಿವೃತ್ತ ಮೇಷ್ಟ್ರು. ಅವರಿಗೆ ಇಂಥದ್ದೇ ಕರೆ ಬಂತು. ಎರಡು ದಿನ ಬಾಗಿಲು ಹಾಕ್ಕೊಂಡು ಫೋನ್ ಮುಂದೆ ಕೂತಿದ್ರು. ಮನೆಯವರಿಗೆ ‘ಆನ್‌ಲೈನ್ ಟ್ರೇನಿಂಗ್’ ಅಂದಿದ್ರು. ನಿವೃತ್ತಿ ಹಣದಲ್ಲಿ ದೊಡ್ಡ ಪಾಲು ಹೋಯ್ತು. ಅದಕ್ಕಿಂತ ದೊಡ್ಡ ನಷ್ಟ ಆಮೇಲಿನದ್ದು: ಅವರು ಅದನ್ನ ಯಾರಿಗೂ ಹೇಳದೇ ಮೂರು ವಾರ ಕಳೆದ್ರು. ಈ ಥರ ಕೇಸಲ್ಲಿ ಮೊದಲ ಕೆಲವು ಗಂಟೆ ಮುಖ್ಯ. ಬೇಗ ದೂರು ಕೊಟ್ರೆ ಹಣ ಇನ್ನೊಂದು ಖಾತೆಗೆ ಹಾರೋ ಮುಂಚೆ ತಡೆಹಿಡಿಯೋ ಅವಕಾಶ ಇರುತ್ತೆ. ಅವರು ಬಾಯಿ ಬಿಡೋ ಹೊತ್ತಿಗೆ ಹಣ ಎಷ್ಟು ಖಾತೆ ದಾಟಿತ್ತೋ.

ಯಾಕೆ ಹೇಳಲಿಲ್ಲ? ‘ಇಷ್ಟು ಓದಿರೋನು ಬಿದ್ದನಲ್ಲ ಅಂತ ನಗ್ತಾರೆ’ ಅನ್ನೋ ಹೆದರಿಕೆ. ಆ ಹೆದರಿಕೆ ಸುಳ್ಳಾಗಲೂ ಇಲ್ಲ. ವಿಷಯ ಗೊತ್ತಾದ ಮೇಲೆ ನೆಂಟರು ಅಂದದ್ದು ಇದೇ: ‘ಮೇಷ್ಟ್ರು ಚೆನ್ನಾಗಿ ಖೆಡ್ಡಾಕ್ಕೆ ಬಿದ್ರು’. ಬಿದ್ದವರಿಗೆ ಆಳಿಗೊಂದು ಕಲ್ಲು ಅಂತಾರಲ್ಲ, ಹಾಗೆ.

‘ಬಿದ್ದ’ ಅಂದಾಗ ಆ ವಾಕ್ಯದಲ್ಲಿ ಇರೋದು ಒಬ್ಬನೇ ಮನುಷ್ಯ, ಬಿದ್ದವನು. ನೋಡಿಕೊಂಡು ನಡೀಬೇಕಿತ್ತು, ತಪ್ಪು ಅವನದ್ದೇ. ‘ಓಡಿಸಿದರು’ ಅಂದಾಗ ಆ ವಾಕ್ಯಕ್ಕೆ ಇನ್ನೊಂದಷ್ಟು ಜನ ಬರ್ತಾರೆ: ಸುತ್ತುವರಿದವರು, ಬೇಲಿ ಕಟ್ಟಿದವರು, ತಮಟೆ ಬಡಿದವರು, ಹಗ್ಗ ಕಡಿದವನು. ಪೊಲೀಸರು ಹುಡುಕಬೇಕಾದ್ದು ಇವರನ್ನ. ನಾವು ಬೈಬೇಕಾದ್ದೂ ಇವರನ್ನ. ಮೇಷ್ಟ್ರು ದಡ್ಡರಾಗಿರಲಿಲ್ಲ, ಅವರಿಗೆ ದುರಾಸೆನೂ ಇರಲಿಲ್ಲ. ಅವರು ಹೆದರಿದ್ರು, ಮಗಳನ್ನ ಉಳಿಸ್ಕೊಳ್ಳೋಕೆ ನೋಡಿದ್ರು. ಅಂಥವರಿಗೆ ‘ಆಸೆ ಪಡಬೇಡಿ’ ಅಂತ ಬುದ್ಧಿ ಹೇಳಿದ್ರೆ ಏನೂ ಪ್ರಯೋಜನ ಇಲ್ಲ. ಅದು ಗಾಳಕ್ಕೆ ಮದ್ದು, ಖೆಡ್ಡಾಗಲ್ಲ.

ಖೆಡ್ಡಾದ ಮದ್ದು ಖೆಡ್ಡಾದಲ್ಲೇ ಇದೆ. ಆ ಮೊದಲ ವರ್ತುಲದ ಬಿದಿರು ಬೇಲಿ ತೆಳ್ಳಗಿತ್ತು ಅಂತ ಹೇಳಿದ್ನಲ್ಲ? ಆನೆಯನ್ನ ಹಿಡಿದಿಟ್ಟಿದ್ದು ಬೇಲಿ ಅಲ್ಲ, ಬೇಲಿ ಬಗ್ಗೆ ಇದ್ದ ಭಯ. ವಿಡಿಯೊ ಕಾಲ್ ಕೂಡ ಅಷ್ಟೇ ತೆಳ್ಳಗಿನ ಬೇಲಿ. ಒಂದು ಕೆಂಪು ಬಟನ್ ಒತ್ತಿದ್ರೆ ಮುರೀತು. ನಮ್ಮ ದೇಶದ ಯಾವ ಕಾನೂನಿನಲ್ಲೂ ‘ಡಿಜಿಟಲ್ ಅರೆಸ್ಟ್’ ಅನ್ನೋದು ಇಲ್ಲ. ಯಾವ ಪೊಲೀಸೂ ವಿಡಿಯೊ ಕಾಲ್‌ನಲ್ಲಿ ಬಂಧಿಸಲ್ಲ, ಯಾವ ತನಿಖಾ ಸಂಸ್ಥೆನೂ ಪರಿಶೀಲನೆಗೆ ಅಂತ ಹಣ ಹಾಕಿಸ್ಕೊಳ್ಳಲ್ಲ. ಕಟ್ ಮಾಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ. ಹಣ ಹೋಗಿದ್ರೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ರಾಷ್ಟ್ರೀಯ ಸಹಾಯವಾಣಿ. ಇದು ನಿಜವಾದ ಕುಮಕ್.

ಹಾಗಂತ ‘ಖೆಡ್ಡಾಕ್ಕೆ ಬಿದ್ದ’ ಅನ್ನೋ ಪ್ರಯೋಗ ತಪ್ಪು, ಬಳಸಬೇಡಿ ಅಂತ ಪೇಪರ್‌ನವರ ಜೊತೆ ಜಗಳಕ್ಕೆ ಹೋಗೋಕೆ ನಾನು ಹೇಳ್ತಿಲ್ಲ. ಪದಗಳು ಹೀಗೇ ದಾರಿ ಬದಲಿಸ್ತವೆ, ಕುಮ್ಮಕ್ಕು ಬದಲಿಸಲಿಲ್ವಾ? ನಾನು ಕೇಳ್ಕೊಳ್ಳೋದು ಇಷ್ಟೇ. ನಿಮ್ಮ ಮನೆಯಲ್ಲಿ, ನಿಮ್ಮ ವಾಟ್ಸಾಪ್ ಗ್ರೂಪಲ್ಲಿ ಯಾರಿಗಾದ್ರೂ ಹೀಗೆ ಆಗಿದ್ದು ಗೊತ್ತಾದ್ರೆ, ‘ಹೆಂಗೆ ಬಿದ್ರಿ?’ ಅಂತ ಕೇಳೋ ಬದಲು ‘ಯಾರು ಅಟ್ಟಿದ್ದು?’ ಅಂತ ಕೇಳಿ. ಮೊದಲನೇ ಪ್ರಶ್ನೆಗೆ ಜನ ಬಾಯಿ ಮುಚ್ಕೊಳ್ತಾರೆ. ಎರಡನೆಯದಕ್ಕೆ ಮಾತಾಡ್ತಾರೆ.

ಇವತ್ತಿಗೆ ಇಷ್ಟು. ಮುಂದಿನ ಸಂಚಿಕೆಗೆ ಪದ ನೀವೇ ಕೊಡಿ. ನಿಮ್ಮ ಅಜ್ಜಿ, ತಾತ, ದೊಡ್ಡಪ್ಪ ಬಳಸೋ, ನೀವು ಬಳಸದ ಒಂದು ಹಳೇ ಪದ ಹಿಡ್ಕೊಂಡು ವಾಯ್ಸ್ ನೋಟ್ ಕಳಿಸಿ. ಸಾಧ್ಯವಾದ್ರೆ ಅವರ ದನಿಯಲ್ಲೇ ಕಳಿಸಿ. ಹಾಗೇ ಅವರ ಫೋನಿನಲ್ಲಿ 1930 ಸೇವ್ ಮಾಡಿಕೊಟ್ಟು ಬನ್ನಿ. ಸಿಗೋಣ.